ಎರಡನೇ ಸಲ ಹಿಪ್ ರಿಪ್ಲೇಸ್‌ಮೆಂಟ್: ಒಪ್ಪುವ ಮುಂಚೆ ಮತ್ತು ಆಮೇಲೆ

ಸೊಂಟಕ್ಕೆ ಹಾಕಿದ ಕೃತಕ ಕೀಲನ್ನು ಮತ್ತೆ ಬದಲಿಸಬೇಕು ಅಂತ ಡಾಕ್ಟರ್ ಹೇಳಿದರೆ ಮೊದಲು ಒಂದೇ ಪ್ರಶ್ನೆ ಕೇಳಿ: ಹಳೆಯದು ಯಾಕೆ ಕೆಟ್ಟಿತು? ಸಡಿಲ ಆಗಿರಬಹುದು, ಸವೆದಿರಬಹುದು, ಪದೇ ಪದೇ ಜಾರುತ್ತಿರಬಹುದು, ಸುತ್ತಲಿನ ಮೂಳೆ ಮುರಿದಿರಬಹುದು, ಇಲ್ಲಾ ಒಳಗೆ ಸೋಂಕು ಸೇರಿರಬಹುದು. ಕಾರಣ ಸಿಗದೆ ಬರೀ ನೋವಿಗೆ ಅಂತ ಕೊಯ್ಸಿಕೊಂಡರೆ ನೋವು ಹಾಗೇ ಉಳಿಯುವ ಸಾಧ್ಯತೆ ಜಾಸ್ತಿ. ಆ ನೋವು ಬೆನ್ನುಮೂಳೆಯದ್ದೂ ಆಗಿರಬಹುದು ಅಲ್ವಾ?

ಸೋಂಕು ಇಲ್ಲ ಅಂತ ಖಾತ್ರಿ ಆಗುವವರೆಗೆ ಅವಸರ ಬೇಡ. ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡುತ್ತಾರೆ, ಅನುಮಾನ ಇದ್ದರೆ ಕೀಲಿನಿಂದ ಸೂಜಿ ಹಾಕಿ ದ್ರವ ತೆಗೆದು ಕಲ್ಚರ್‌ಗೆ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುತ್ತಾರೆ. ಅದಕ್ಕೂ ಮುಂಚೆ ನೀವಾಗಿಯೇ ಆಂಟಿಬಯೋಟಿಕ್ ನುಂಗಬೇಡಿ, ರೋಗಾಣು ಕಲ್ಚರ್‌ನಲ್ಲಿ ಬೆಳೆಯದೆ ತಪ್ಪಿಸಿಕೊಳ್ಳುತ್ತದೆ. ಹಳೆಯ ಸೋಂಕಾದರೆ ಅನೇಕ ಸಲ ಎರಡು ಆಪರೇಷನ್ ಬೇಕಾಗುತ್ತದೆ: ಮೊದಲು ಕೀಲು ತೆಗೆದು ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ಸ್ಪೇಸರ್ (ಕೀಲಿನ ಜಾಗ ಹಿಡಿದಿಡುವ ತಾತ್ಕಾಲಿಕ ತುಂಡು) ಇಡುತ್ತಾರೆ, ವಾರಗಟ್ಟಲೆ ಔಷಧಿ ಕೊಟ್ಟು ಸೋಂಕು ಇಳಿದ ಮೇಲೆ ಹೊಸ ಕೀಲು ಕೂರಿಸುತ್ತಾರೆ. ಆ ನಡುವಿನ ದಿನಗಳು ನಿಜಕ್ಕೂ ಕಷ್ಟ, ಮನೆಯವರಿಗೆ ಮೊದಲೇ ಹೇಳಿಡಿ.

ಮೊದಲ ಆಪರೇಷನ್ನಿನ ಕಾಗದಗಳನ್ನು ಹುಡುಕಿ ಕೊಡಿ. ಯಾವ ಕಂಪನಿಯ ಇಂಪ್ಲಾಂಟ್ (ಒಳಗೆ ಹಾಕಿದ ಕೃತಕ ಕೀಲು), ಯಾವ ಅಳತೆ ಅಂತ ಗೊತ್ತಾದರೆ ಚೆನ್ನಾಗಿರುವ ಭಾಗವನ್ನು ಉಳಿಸಿಕೊಳ್ಳಬಹುದಾ ಅಂತ ಸರ್ಜನ್ ಯೋಚಿಸಬಹುದು. ಸಿಗರೇಟ್ ಬಿಡಿ, ಶುಗರ್ ಹಿಡಿತಕ್ಕೆ ತನ್ನಿ, ಹಲ್ಲಿನ ಕೀವು ಇದ್ದರೆ ಮೊದಲು ಅದನ್ನು ಮುಗಿಸಿ.

ಫಲಿತಾಂಶದ ಬಗ್ಗೆ ನೇರವಾಗಿ ಹೇಳುತ್ತೇನೆ. ಹೆಚ್ಚಿನವರಿಗೆ ನೋವು ಕಡಿಮೆ ಆಗುತ್ತದೆ, ನಡಿಗೆ ಸುಧಾರಿಸುತ್ತದೆ. ಆದರೆ ಮೊದಲ ಸಲದಷ್ಟು ಹಗುರ ಅನ್ನಿಸದೆ ಇರಬಹುದು, ಸ್ವಲ್ಪ ಕುಂಟು ಉಳಿಯಬಹುದು. ಮೂಳೆ ಸವೆದು ಸ್ನಾಯು ದುರ್ಬಲವಾಗಿರುವುದರಿಂದ ಕೀಲು ಜಾರುವುದು, ಸೋಂಕು, ರಕ್ತ ಹೋಗುವುದು ಎಲ್ಲವೂ ಮೊದಲ ಸಲಕ್ಕಿಂತ ಜಾಸ್ತಿ. ನರಕ್ಕೆ ಪೆಟ್ಟಾಗಿ ಪಾದ ಎತ್ತಲು ಆಗದೆ ಹೋಗುವುದು, ಕಾಲಿನ ಉದ್ದ ಹೆಚ್ಚುಕಡಿಮೆ ಆಗುವುದು ಕೂಡ ಉಂಟು.

ಮನೆಗೆ ಬಂದ ಮೇಲೆ ಎಷ್ಟು ಭಾರ ಹಾಕಬೇಕು ಅಂತ ಸರ್ಜನ್ ಹೇಳಿದಷ್ಟೇ ಹಾಕಿ, ಕೆಲವರಿಗೆ 6ರಿಂದ 12 ವಾರ ವಾಕರ್ ಬೇಕಾಗುತ್ತದೆ. ತಗ್ಗಾದ ಕುರ್ಚಿ ಬೇಡ, ಕಾಲ ಮೇಲೆ ಕಾಲು ಬೇಡ. ರಕ್ತ ಹೆಪ್ಪುಗಟ್ಟದ ಔಷಧಿಯನ್ನು ನೀವೇ ನಿಲ್ಲಿಸಬೇಡಿ.

ಗಾಯದಿಂದ ನೀರು ಒಸರಿದರೆ, ಜ್ವರ ಬಂದರೆ, ಒಂದೇ ಮೀನಖಂಡ ಊದಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದರೆ ಅಥವಾ ತಟ್ಟನೆ ನೋವು ಬಂದು ಕಾಲು ಗಿಡ್ಡವಾದಂತೆ ಕಂಡರೆ ಎದ್ದು ನಿಲ್ಲದೆ ಆಂಬ್ಯುಲೆನ್ಸ್ ಕರೆಸಿ. ನೋವಿಲ್ಲ ಅಂತ ಎಕ್ಸ್‌ರೇ ತಪ್ಪಿಸಬೇಡಿ, ಕೀಲಿನ ಸುತ್ತಲಿನ ಮೂಳೆ ಸದ್ದಿಲ್ಲದೆ ಕರಗುತ್ತಿದ್ದರೆ ಅದರಲ್ಲೇ ಮೊದಲು ಕಾಣುವುದು.