ಹೆಗಲ ಮೇಲೆ ಸಿಂಹ ಬರೋದು ಹೇಗೆ? ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗೆ

ಒಂದು ಇನ್ಫೆಂಟ್ರಿ (ಕಾಲಾಳು ಪಡೆ) ಬೆಟಾಲಿಯನ್‌ನಲ್ಲಿ ಸುಮಾರು 800 ಜನ. ಅಷ್ಟು ಜನಕ್ಕೆ ಸುಬೇದಾರ್ ಮೇಜರ್ ಒಬ್ಬರೇ. ಸಿಪಾಯಿಯಾಗಿ ಸೇರಿ ಮೇಲೆ ಬಂದವರು, ಆದರೂ ಕರ್ನಲ್ ಕೂಡ ಅವರನ್ನು ‘ಸಾಹೇಬ್’ ಅಂತಲೇ ಮಾತಾಡಿಸುತ್ತಾರೆ. ಹತ್ತನೇ ಕ್ಲಾಸ್ ಮುಗಿಸಿ ಮಿಲ್ಟ್ರಿಗೆ ಸೇರಿದ ಹುಡುಗ ಅಲ್ಲಿಗೆ ಮುಟ್ಟೋದು ಹೇಗೆ?

ಮೊದಲು ಒಳಗೆ ಹೋಗಬೇಕಲ್ವಾ. 2022ರಿಂದ ಸಿಪಾಯಿಗಳ ಭರ್ತಿ ಅಗ್ನಿವೀರ ಲೆಕ್ಕದಲ್ಲಿ. ಆನ್‌ಲೈನ್ ಪರೀಕ್ಷೆ ಪಾಸಾದರೆ ರ‍್ಯಾಲಿ: 1.6 ಕಿ.ಮೀ. ಓಟ, ಪುಲ್‌ಅಪ್, 9 ಅಡಿ ಗುಂಡಿ ಹಾರೋದು. ನಾಲ್ಕು ವರ್ಷ ಕಳೆದ ಮೇಲೆ ಶೇ 25ರವರೆಗೆ ಮಾತ್ರ ಕಾಯಂ. ಅದರಲ್ಲಿ ಹೆಸರಿಲ್ಲ ಅಂದ್ರೆ ಮುಂದಿನ ಮೆಟ್ಟಿಲ ಮಾತೇ ಇಲ್ಲ. ನಮ್ಮಲ್ಲಿ ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿ ಸೆಂಟರ್, ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಎರಡೂ ಹಳೇ ತರಬೇತಿ ಕೇಂದ್ರಗಳು.

ಆಮೇಲೆ ತೋಳಿನ ಪಟ್ಟಿಗಳು. ಲ್ಯಾನ್ಸ್ ನಾಯಕ್‌ಗೆ ಒಂದು, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು. ಇಲ್ಲಿ ಸುಮ್ನೆ ವರ್ಷ ಎಣಿಸ್ತಾ ಕೂತರೆ ಆಗಲ್ಲ. ಪ್ರಮೋಷನ್ ಕೇಡರ್ ಅನ್ನೋ ಬಡ್ತಿ ಕೋರ್ಸ್ ಪಾಸಾಗಬೇಕು, ಸೈನ್ಯದ್ದೇ ಓದಿನ ಪರೀಕ್ಷೆ ಬರೆಯಬೇಕು, ಜೊತೆಗೆ ಮ್ಯಾಪ್ ರೀಡಿಂಗ್. ಬಹಳ ಜನ ಹಗುರವಾಗಿ ತಗೊಳ್ಳೋದು ಇದನ್ನೇ. ನಮ್ಮ ಮಾವ ಹವಾಲ್ದಾರ್ ಆಗಿ ರಿಟೈರ್ ಆದವರು, ‘ನಕ್ಷೆ ನನಗೆ ಕೈ ಕೊಡ್ತು ಕಣೋ’ ಅಂತ ಈಗಲೂ ನಗುತ್ತಾರೆ. ವಿಷಯ ಇಷ್ಟೇ: ನಕ್ಷೆಯ ಮೇಲಿನ ಜಾಗವನ್ನು ಆರು ಅಂಕಿಗಳಲ್ಲಿ ಹೇಳಬೇಕು. ಮೊದಲ ಮೂರು ಅಂಕಿ ಎಡದಿಂದ ಬಲಕ್ಕೆ, ಉಳಿದ ಮೂರು ಕೆಳಗಿಂದ ಮೇಲಕ್ಕೆ. ಸರಿಯಾಗಿ ಓದಿದರೆ 100 ಮೀಟರ್ ಚೌಕಕ್ಕೆ ಬಂದು ನಿಲ್ಲುತ್ತೀರಿ. ಹಿಂದುಮುಂದಾಗಿ ಓದಿದರೆ ನೀವು ತೋರಿಸಿದ ಗುಡ್ಡವೇ ಬೇರೆ, ಅಲ್ಲಿ ನಿಮ್ಮವರೇ ಇದ್ದರೂ ಇರಬಹುದು.

ದೊಡ್ಡ ಹಾರಿಕೆ ಅಂದ್ರೆ ಹವಾಲ್ದಾರ್‌ನಿಂದ ನಾಯಬ್ ಸುಬೇದಾರ್. ಪಟ್ಟಿ ತೋಳಿಂದ ಹೋಗಿ ಹೆಗಲಿಗೆ ನಕ್ಷತ್ರ ಬರುತ್ತದೆ, ಮೆಸ್ ಬದಲಾಗುತ್ತದೆ, ನಿನ್ನೆವರೆಗೆ ಜೊತೆಗೆ ಕೂತು ಉಂಡವರು ಇವತ್ತು ‘ಸಾಹೇಬ್’ ಅನ್ನುತ್ತಾರೆ. ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ದರ್ಜೆ ಶುರುವಾಗೋದು ಇಲ್ಲಿಂದಲೇ. ಬ್ರಿಟಿಷ್ ಆಫೀಸರ್‌ಗೂ ಇಲ್ಲಿನ ಸಿಪಾಯಿಗೂ ನಡುವೆ ಒಬ್ಬರು ಬೇಕಿತ್ತು, ಅಲ್ಲಿಂದ ಬಂದ ವ್ಯವಸ್ಥೆ. 1965ರವರೆಗೆ ನಾಯಬ್ ಸುಬೇದಾರ್‌ಗೆ ಜಮಾದಾರ್ ಅಂತಿದ್ದರು. ಇಲ್ಲಿ ನೋಡೋದು ವರ್ಷವರ್ಷದ ಗುಪ್ತ ವರದಿ, ಶಿಸ್ತು, ಮೆಡಿಕಲ್ ಕೆಟಗರಿ. ರಜೆ ಮುಗಿದರೂ ನಾಲ್ಕು ದಿನ ಊರಲ್ಲೇ ಉಳಿದು ಶಿಕ್ಷೆ ತಿಂದಿದ್ದರೆ ಅದು ದಾಖಲೆಯಲ್ಲಿ ಇದ್ದೇ ಇರುತ್ತದೆ. ನನ್ನ ಪ್ರಕಾರ ಶೌರ್ಯಕ್ಕಿಂತ ಕಷ್ಟ, ಇಪ್ಪತ್ತು ವರ್ಷ ಕಲೆ ಬೀಳದ ಹಾಗೆ ರೆಕಾರ್ಡ್ ಇಟ್ಟುಕೊಳ್ಳೋದು.

ಎರಡು ನಕ್ಷತ್ರ ಬಂದರೆ ಸುಬೇದಾರ್. ಅದರ ಮೇಲೆ ಮೂರು ಸಿಂಹದ ಲಾಂಛನ, ಅದೇ ಸುಬೇದಾರ್ ಮೇಜರ್. ಕುದುರೆ ಪಡೆಯ ಪರಂಪರೆಯ ರೆಜಿಮೆಂಟ್‌ಗಳಲ್ಲಿ ಇವರೇ ರಿಸಾಲ್ದಾರ್ ಮೇಜರ್. ಜಾಗ ಒಂದೇ ಆದ್ದರಿಂದ ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರಿಗೆ ಕುರ್ಚಿ. ಕೆಲಸ ಏನು? ಕರ್ನಲ್‌ಗೆ ಜವಾನರ ಮನಸ್ಸು ತಿಳಿಸೋದು. ಯಾರ ಮನೆಯಲ್ಲಿ ಜಮೀನು ಜಗಳ, ಯಾರು ನಾಲ್ಕು ದಿನದಿಂದ ಸರಿಯಾಗಿ ಉಣ್ತಿಲ್ಲ, ಲಂಗರ್‌ನ (ಜವಾನರ ಅಡುಗೆಮನೆಯ) ದಾಲ್ ಯಾಕೆ ನೀರಾಯ್ತು, ಎಲ್ಲ ಇವರ ಕಿವಿಗೆ ಬೀಳಬೇಕು.

ಒಂದು ನಿಜ ಉದಾಹರಣೆ. ಯೋಗೇಂದ್ರ ಸಿಂಗ್ ಯಾದವ್ 1996ರಲ್ಲಿ ಸೇರಿದ ಹುಡುಗ, 1999ರಲ್ಲಿ ಟೈಗರ್ ಹಿಲ್‌ನಲ್ಲಿ ಗುಂಡು ತಿಂದು ಪರಮವೀರ ಚಕ್ರ ಪಡೆದಾಗ ವಯಸ್ಸು 19. ಅಂಥವರೂ ಮೆಟ್ಟಿಲು ಹತ್ತಿಯೇ ಸುಬೇದಾರ್ ಮೇಜರ್ ಆದರು, 2021ರಲ್ಲಿ ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದರು. ಶಾರ್ಟ್‌ಕಟ್ ಇಲ್ಲವೇ ಅಂದರೆ ಇದೆ. ನೀರಜ್ ಚೋಪ್ರಾ 2016ರಲ್ಲಿ ನೇರ ನಾಯಬ್ ಸುಬೇದಾರ್ ಆಗಿಯೇ ಸೇರಿದ್ದು. ಜಾವೆಲಿನ್ ಅಷ್ಟು ದೂರ ಎಸೆಯೋಕೆ ಬಂದರೆ ನೀವೂ ಪ್ರಯತ್ನಿಸಬಹುದು.

ಜೆಸಿಒಗಳಿಗೆ ಸಿಗೋ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳ ಪಟ್ಟಿ ಬರೋದು ಜನವರಿ 26 ಮತ್ತು ಆಗಸ್ಟ್ 15ಕ್ಕೆ. ಊರಿನ ಗೇಟಿನ ಬೋರ್ಡ್‌ನಲ್ಲಿ ‘ಕ್ಯಾಪ್ಟನ್’ ಅಂತ ಬರೆಸೋರು ಆ ಎರಡು ದಿನ ಫೋನ್ ಕೈಯಿಂದ ಕೆಳಗಿಡಲ್ಲ.