ಮುಂಗಡ ಕೊಡುವ ಮುನ್ನ ಮನೆ ಮಾಲೀಕರನ್ನು ಅಳೆಯುವುದು ಹೇಗೆ?

ಬಾಡಿಗೆ ಮನೆ ನೋಡಲು ಹೋದವರು ಅಡುಗೆಮನೆಯ ಕಟ್ಟೆ ಎಷ್ಟುದ್ದವಿದೆ, ಕೋಣೆಯಲ್ಲಿ ಮಂಚ ಹಿಡಿಯುತ್ತದೆಯೇ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದೆಲ್ಲ ನೋಡುತ್ತಾರೆ. ಬಾಡಿಗೆಗೆ ಚೌಕಾಸಿ ಮಾಡಿ ಮುಂಗಡ ಕೊಟ್ಟು ಬರುತ್ತಾರೆ. ಬೀಗದ ಕೈ ಕೊಟ್ಟ ವ್ಯಕ್ತಿ ಎಂಥವರು ಎಂಬುದು ಅವರಿಗೆ ತಿಳಿಯುವುದು ಛಾವಣಿ ಸೋರಿದಾಗ, ಇಲ್ಲವೇ ಮನೆ ಬಿಡುವ ದಿನ ಠೇವಣಿ ವಾಪಸ್ ಕೇಳಿದಾಗ. ಬಂಧುಗಳು, ಗೆಳೆಯರು, ಸಹೋದ್ಯೋಗಿಗಳು ಹೀಗೆ ಸಿಕ್ಕಿಹಾಕಿಕೊಂಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕೂರಿಸಿ ಕೇಳಿದರೆ, ಮೊದಲ ಭೇಟಿಯಲ್ಲೇ ಏನೋ ಸರಿಯಿಲ್ಲ ಎನ್ನಿಸಿತ್ತು ಎಂದು ಹೆಚ್ಚಿನವರು ಹೇಳುತ್ತಾರೆ. ಮನೆ ಹಿಡಿಸಿದ್ದರಿಂದ ಆ ಅನುಮಾನವನ್ನು ಅಲ್ಲಿಯೇ ಬಿಟ್ಟು ಬಂದಿರುತ್ತಾರೆ.

ಕಟ್ಟುನಿಟ್ಟಿನ ಮಾಲೀಕರನ್ನು ಕಂಡು ಹೆದರಬೇಡಿ. ಗುರುತಿನ ಚೀಟಿ ಕೇಳುವವರು, ಹಿಂದಿನ ಮಾಲೀಕರ ಫೋನ್ ಸಂಖ್ಯೆ ಕೇಳುವವರು, ಗೋಡೆಗೆ ಮೊಳೆ ಹೊಡೆಯುವ ಮುನ್ನ ತಿಳಿಸಿ ಎನ್ನುವವರು ಸಾಮಾನ್ಯವಾಗಿ ಒಳ್ಳೆಯ ಮಾಲೀಕರೇ. ಅವರ ನಿಯಮ ಏನೆಂದು ನಿಮಗೆ ಮೊದಲೇ ಗೊತ್ತಿರುತ್ತದೆ. ಹುಷಾರಾಗಿರಬೇಕಾದದ್ದು ಯಾವುದನ್ನೂ ಖಚಿತವಾಗಿ ಹೇಳದೆ ನಗುನಗುತ್ತಾ ‘ಎಲ್ಲ ನೋಡಿಕೊಳ್ಳೋಣ’ ಎನ್ನುವವರ ಬಗ್ಗೆ. ಮುಂದಿನ ಹಂತಗಳೆಲ್ಲ ಈ ಎರಡು ಬಗೆಯ ಜನರನ್ನು ಬೇರ್ಪಡಿಸುವುದಕ್ಕಾಗಿ.

ಹಂತ 1: ಫೋನಿನಲ್ಲಿ

ಮನೆ ನೋಡುವ ಮೊದಲೇ ‘ಕಾಯ್ದಿರಿಸಲು’ ಹಣ ಕೇಳಿದರೆ ಫೋನ್ ಇಟ್ಟುಬಿಡಿ. ಎರಡನೇ ಯೋಚನೆ ಬೇಡ.

ಹಂತ 2: ಮನೆ ನಿಜವಾಗಿಯೂ ಅವರದೇ?

ಇದನ್ನು ಕೇಳಲು ನಮ್ಮ ಜನ ಸಂಕೋಚಪಡುತ್ತಾರೆ. ಸಂಕೋಚ ಬೇಡ. ಮನೆಯ ತೆರಿಗೆ ರಸೀದಿಯನ್ನೂ ಇತ್ತೀಚಿನ ವಿದ್ಯುತ್ ಬಿಲ್ಲನ್ನೂ ತೋರಿಸಲು ಕೇಳಿ. ಅದರಲ್ಲಿರುವ ಹೆಸರು ನಿಮ್ಮೊಂದಿಗೆ ಮಾತನಾಡುತ್ತಿರುವವರ ಗುರುತಿನ ಚೀಟಿಯ ಹೆಸರಿಗೆ ಹೊಂದಬೇಕು. ಬಿಲ್ ಮಾತ್ರ ತೋರಿಸಿದರೆ ಸಾಲದು, ಏಕೆಂದರೆ ಬಿಲ್ಲಿನಲ್ಲಿ ಹಳೆಯ ಮಾಲೀಕರ ಹೆಸರು ವರ್ಷಗಟ್ಟಲೆ ಉಳಿದಿರುವುದುಂಟು. ಮಾಲೀಕರು ಬೇರೆ ಊರಿನಲ್ಲಿದ್ದು ಅವರ ಪರವಾಗಿ ಇನ್ನೊಬ್ಬರು ಮನೆ ಕೊಡುತ್ತಿದ್ದರೆ ಅಧಿಕಾರ ಪತ್ರವನ್ನು ನೋಡಿ. ಬಾಡಿಗೆಗೆ ಕೊಡುವ, ಹಣ ಪಡೆಯುವ ಅಧಿಕಾರ ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ವಿಡಿಯೊ ಕರೆಯಲ್ಲಿ ಮಾಲೀಕರೊಂದಿಗೆ ಒಮ್ಮೆ ಮಾತನಾಡಿಸಿ ಎಂದೂ ಕೇಳಿ. ತಾನೇ ಬಾಡಿಗೆಗಿದ್ದು, ಮಾಲೀಕರಿಗೆ ತಿಳಿಸದೆ ಇನ್ನೊಬ್ಬರಿಗೆ ಮನೆ ಕೊಟ್ಟು ಠೇವಣಿಯೊಂದಿಗೆ ಮಾಯವಾಗುವುದು ಹಳೆಯ ವಂಚನೆ.

ಮನೆ ಹಲವು ಅಣ್ಣತಮ್ಮಂದಿರ ಜಂಟಿ ಆಸ್ತಿಯಾಗಿದ್ದರೆ ಉಳಿದವರ ಒಪ್ಪಿಗೆ ಇದೆಯೇ ಎಂದು ಕೇಳಿ. ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೇ, ಕಂತು ಸರಿಯಾಗಿ ಹೋಗುತ್ತಿದೆಯೇ ಎಂದೂ ಕೇಳಿ. ಸಾಲವಿರುವುದು ತಪ್ಪಲ್ಲ. ಆದರೆ ಕಂತು ನಿಂತು ಬ್ಯಾಂಕ್ ಮನೆಯನ್ನು ವಶಪಡಿಸಿಕೊಂಡರೆ ಸಾಮಾನು ಹೊತ್ತು ಹೊರಗೆ ನಿಲ್ಲುವವರು ನೀವು. ದೊಡ್ಡ ಮೊತ್ತದ ಠೇವಣಿ ಕೇಳುತ್ತಿದ್ದರೆ ನೋಂದಣಿ ಕಚೇರಿಯ ದಾಖಲೆಯನ್ನು ಸ್ವತಃ ತೆಗೆಸಿ ನೋಡುವುದು ಒಳ್ಳೆಯದು. ಹಣ ಪಡೆದು ‘ಪರಿಶೀಲಿಸಿದ ಮಾಲೀಕರು’ ಎಂಬ ಮುದ್ರೆ ಒತ್ತುವ ಜಾಲತಾಣಗಳನ್ನು ನಂಬಿ ಈ ಕೆಲಸ ಬಿಡಬೇಡಿ. ಎಷ್ಟೋ ಕಡೆ ಆ ಪರಿಶೀಲನೆ ಫೋನ್ ಸಂಖ್ಯೆ ಕೆಲಸ ಮಾಡುತ್ತದೆಯೇ ಎಂಬಷ್ಟಕ್ಕೇ ನಿಂತಿರುತ್ತದೆ.

ಹಂತ 3: ಮಾಲೀಕರ ಗುಣವನ್ನು ಮನೆಯಲ್ಲಿ ಓದಿ

ಹಳೆಯ ಮನೆ ಎಂದರೆ ಕೆಟ್ಟ ಮನೆ ಎಂದಲ್ಲ. ದುರಸ್ತಿಯನ್ನು ಹೇಗೆ ಮಾಡಿಸಿದ್ದಾರೆ ಎಂಬುದು ಮುಖ್ಯ. ಕೋಣೆಯ ಮೂರು ಗೋಡೆಗಳ ಬಣ್ಣ ಮಾಸಿದ್ದು, ಒಂದು ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ಬಗ್ಗಿ ಅಂಗೈ ಇಟ್ಟು ನೋಡಿ. ತಣ್ಣಗೆ ಅಂಟಿದಂತಾದರೆ, ಬಣ್ಣ ಗುಳ್ಳೆಯೆದ್ದಿದ್ದರೆ, ಬೆರಳಿಗೆ ಬಿಳಿ ಪುಡಿ ಹತ್ತಿದರೆ ಒಳಗೆ ತೇವವಿದೆ. ಗೋಡೆಯೊಳಗಿನ ನೀರು ಇಟ್ಟಿಗೆ ಮತ್ತು ಗಾರೆಯಲ್ಲಿರುವ ಲವಣವನ್ನು ಹೊರಗೆ ತಂದು ಆರಿದಾಗ ಉಳಿಯುವುದೇ ಆ ಪುಡಿ. ಬಣ್ಣ ಬಳಿದರೆ ಅದು ನಿಲ್ಲುವುದಿಲ್ಲ. ‘ಇಲ್ಲಿ ತೇವ ಇದೆ, ಪೈಪು ಬದಲಿಸಿದ್ದೇವೆ, ಗೋಡೆ ಒಣಗುತ್ತಿದೆ’ ಎಂದು ತಾವಾಗಿಯೇ ಹೇಳುವ ಮಾಲೀಕರನ್ನು ನಾನು ನಂಬುತ್ತೇನೆ. ‘ಅದೇನಿಲ್ಲ, ಹಳೆಯ ಕಲೆ’ ಎನ್ನುವವರನ್ನು ನಂಬುವುದಿಲ್ಲ.

ಇನ್ನೆರಡು ಜಾಗಗಳನ್ನು ಬಿಡಬೇಡಿ. ಒಂದು, ಬಚ್ಚಲುಮನೆ. ಗಾಳಿಯಾಡದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಅಳವಡಿಸಿದ್ದರೆ ಆ ಮಾಲೀಕರಿಗೆ ನಿಮ್ಮ ಜೀವದ ಪರಿವೆ ಇಲ್ಲ ಎಂದೇ ತಿಳಿಯಿರಿ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲಿಯೇ ಪ್ರಜ್ಞೆ ತಪ್ಪಿ ಪ್ರಾಣ ಬಿಡುತ್ತಾರೆ. ಇನ್ನೊಂದು, ವಿದ್ಯುತ್ತಿನ ಮುಖ್ಯ ಫಲಕ. ಆಘಾತವಾದಾಗ ವಿದ್ಯುತ್ತನ್ನು ತಾನೇ ಕಡಿತಗೊಳಿಸುವ ಸುರಕ್ಷಾ ಸ್ವಿಚ್ (ಆರ್‌ಸಿಸಿಬಿ) ಅಲ್ಲಿದೆಯೇ ನೋಡಿ. ಮನುಷ್ಯರ ರಕ್ಷಣೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನಷ್ಟು ವಿದ್ಯುತ್ ಸೋರಿದರೆ ಕಡಿತಗೊಳಿಸುವಂಥದು. ಅದರ ಮೇಲೆ ಪರೀಕ್ಷೆಗೆಂದೇ ಒಂದು ಗುಂಡಿ ಇರುತ್ತದೆ. ಅನುಮತಿ ಕೇಳಿ ಒತ್ತಿದರೆ ಸ್ವಿಚ್ ತಟ್ಟನೆ ಕೆಳಗೆ ಬೀಳಬೇಕು. ಬೀಳದಿದ್ದಾಗ ಮಾಲೀಕರು ‘ಎಲೆಕ್ಟ್ರಿಷಿಯನ್ನನ್ನು ಕರೆಸುತ್ತೇನೆ’ ಎನ್ನುತ್ತಾರೋ ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಎನ್ನುತ್ತಾರೋ ಗಮನವಿಟ್ಟು ಕೇಳಿ.

ವಿದ್ಯುತ್ತಿಗೂ ನೀರಿಗೂ ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇರಲಿ. ಇಡೀ ಕಟ್ಟಡಕ್ಕೆ ಒಂದೇ ಮೀಟರ್, ‘ತಿಂಗಳಿಗೆ ಇಷ್ಟು ಎಂದು ಹಂಚುತ್ತೇವೆ’ ಎಂದರೆ ಲೆಕ್ಕ ಅವರ ಕೈಯಲ್ಲೇ ಉಳಿಯುತ್ತದೆ. ಅಂಥ ಮನೆಯನ್ನು ನಾನಂತೂ ಬೇಡ ಎನ್ನುತ್ತೇನೆ.

ಹಂತ 4: ಮಾತುಕತೆ

ಎಲ್ಲರೂ ಎಡವುವುದು ಇಲ್ಲಿಯೇ. ಬಾಡಿಗೆಯ ಮೊತ್ತದ ಬಗ್ಗೆ ಅರ್ಧ ಗಂಟೆ ಚರ್ಚಿಸಿದವರು ಉಳಿದದ್ದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಹಾಗೆ ಮಾಡಬೇಡಿ. ಕುಳಿತು, ಬಾಡಿಗೆಯ ವಿಷಯವನ್ನು ಕೊನೆಗೆ ಇಟ್ಟುಕೊಂಡು ಕೆಳಗಿನ ಪ್ರಶ್ನೆಗಳನ್ನು ಕೇಳಿ. ಉತ್ತರದಷ್ಟೇ, ಉತ್ತರಿಸುವಾಗಿನ ಧಾಟಿಯನ್ನೂ ಗಮನಿಸಿ.

ಮೊದಲು, ‘ಹಿಂದೆ ಇದ್ದವರು ಯಾಕೆ ಬಿಟ್ಟರು?’ ಎಂದು ಕೇಳಿ. ವರ್ಗಾವಣೆ, ಸ್ವಂತ ಮನೆ, ಮಕ್ಕಳ ಶಾಲೆ ಇವೆಲ್ಲ ಸಹಜ ಕಾರಣಗಳು. ಒಬ್ಬ ಬಾಡಿಗೆದಾರರ ಬಗ್ಗೆ ದೂರಿದರೆ ಅದೂ ನಿಜವಿರಬಹುದು. ಆದರೆ ಹಿಂದಿನವರು ಸರಿಯಿಲ್ಲ, ಅವರ ಹಿಂದಿನವರು ಕೊಳಕರು, ಅದಕ್ಕೂ ಹಿಂದಿನವರು ಜಗಳಗಂಟರು ಎನ್ನುತ್ತಾ ಹೋದರೆ ಪಟ್ಟಿಯಲ್ಲಿ ಮುಂದಿನ ಹೆಸರು ನಿಮ್ಮದು. ‘ಅವರ ಫೋನ್ ಸಂಖ್ಯೆ ಸಿಗಬಹುದೇ?’ ಎಂದು ಆಗಲೇ ಕೇಳಿ. ಅವರನ್ನು ಕೇಳಿ ತಿಳಿಸುತ್ತೇನೆ ಎಂದರೆ ಸರಿಯಾದ ಉತ್ತರ. ‘ಅವರ ಸಹವಾಸ ನಿಮಗೇಕೆ?’ ಎಂದು ಸಿಡುಕಿದರೆ ಅದನ್ನೂ ನೆನಪಿಟ್ಟುಕೊಳ್ಳಿ.

ಎರಡನೆಯದು ಠೇವಣಿ. ‘ಮನೆ ಬಿಟ್ಟಾಗ ಹಣ ಕೊಡುತ್ತೀರಲ್ಲವೇ?’ ಎಂದು ಕೇಳುವುದು ವ್ಯರ್ಥ. ಜಗತ್ತಿನ ಯಾವ ಮಾಲೀಕರೂ ಇಲ್ಲ ಎನ್ನುವುದಿಲ್ಲ. ಹೀಗೆ ಕೇಳಿ: ‘ಬೀಗದ ಕೈ ಕೊಟ್ಟ ಮೇಲೆ ಎಷ್ಟು ದಿನದೊಳಗೆ ಠೇವಣಿ ಬರುತ್ತದೆ? ಯಾವುದಕ್ಕೆಲ್ಲ ಹಿಡಿದುಕೊಳ್ಳುತ್ತೀರಿ? ಹಿಡಿದುಕೊಂಡರೆ ಬಿಲ್ ಕೊಡುತ್ತೀರಾ? ಹಿಂದಿನವರಿಗೆ ಎಷ್ಟು ಹಿಡಿದುಕೊಂಡಿರಿ?’ ಪ್ರಾಮಾಣಿಕರ ಬಳಿ ಇವಕ್ಕೆಲ್ಲ ಸಿದ್ಧ ಉತ್ತರವಿರುತ್ತದೆ, ಏಕೆಂದರೆ ಅವರು ಇದನ್ನು ಹಿಂದೆ ಮಾಡಿದ್ದಾರೆ. ಕಾಲಕ್ರಮೇಣ ಬಣ್ಣ ಮಾಸುವುದು, ನಲ್ಲಿಯ ವಾಷರ್ ಸವೆಯುವುದು ಸಹಜ ಸವಕಳಿ. ಬಾಗಿಲು ಒಡೆದದ್ದು, ಕನ್ನಡಿ ಬಿರುಕುಬಿಟ್ಟದ್ದು ಹಾನಿ. ಈ ಎರಡನ್ನೂ ಬೇರೆಬೇರೆಯಾಗಿ ನೋಡುವ ಮಾಲೀಕರೊಂದಿಗೆ ಬಾಳ್ವೆ ಮಾಡಬಹುದು. ‘ಅದೆಲ್ಲ ಆಮೇಲಿನ ಮಾತು, ನಾನೇನು ನಿಮ್ಮ ದುಡ್ಡು ತಿನ್ನುತ್ತೇನೆಯೇ?’ ಎಂದು ಪ್ರಶ್ನೆಯನ್ನೇ ಅವಮಾನವನ್ನಾಗಿ ತಿರುಗಿಸುವವರನ್ನು ಕಂಡರೆ ಎದ್ದು ಬನ್ನಿ. ಇಂದು ಒಂದು ಪ್ರಶ್ನೆಗೆ ಮುನಿಸಿಕೊಂಡವರು ನಾಳೆ ಲೆಕ್ಕ ಕೇಳಿದಾಗ ಬಾಗಿಲನ್ನೇ ತೆರೆಯುವುದಿಲ್ಲ. ಹೊಸ ಬಾಡಿಗೆದಾರರು ಬಂದು ಮುಂಗಡ ಕೊಟ್ಟ ಮೇಲೆ ನಿಮ್ಮದನ್ನು ಕೊಡುತ್ತೇನೆ ಎನ್ನುವವರೂ ಇದ್ದಾರೆ. ಹಾಗೆಂದರೆ ನಿಮ್ಮ ಠೇವಣಿ ಈಗಾಗಲೇ ಖರ್ಚಾಗಿರುತ್ತದೆ ಎಂದೇ ಅರ್ಥ.

ಮೂರನೆಯದು ದುರಸ್ತಿ. ‘ರಾತ್ರಿ ಪೈಪು ಒಡೆದರೆ ಯಾರಿಗೆ ಫೋನ್ ಮಾಡಬೇಕು?’ ಎಂದು ಕೇಳಿ. ಪ್ಲಂಬರಿನ ಹೆಸರು, ಸಂಖ್ಯೆ ನಾಲಿಗೆಯ ತುದಿಯಲ್ಲಿದ್ದರೆ ಮನೆಯನ್ನು ನಿಜವಾಗಿ ನೋಡಿಕೊಳ್ಳುವವರು. ‘ಈ ಮನೆಯಲ್ಲಿ ಅಂಥದ್ದೇನೂ ಆಗುವುದಿಲ್ಲ’ ಎನ್ನುವವರು ಆದಾಗ ನಿಮ್ಮನ್ನೇ ದೂರುತ್ತಾರೆ. ಮನೆ ತೋರಿಸುವಾಗಲೇ ‘ಈ ಚಿಲಕ ಹಾಕಿಸಿಕೊಡುತ್ತೇನೆ, ಆ ನಲ್ಲಿ ಬದಲಿಸುತ್ತೇನೆ’ ಎಂದು ಮಾತು ಕೊಟ್ಟಿದ್ದರೆ ಮುಂಗಡ ಕೊಡುವ ಮೊದಲೇ ಅದು ಆಗಲಿ. ಹಣ ಕೈಸೇರಿದ ಮೇಲೆ ಆ ಚಿಲಕದ ನೆನಪು ಯಾರಿಗೂ ಇರುವುದಿಲ್ಲ.

ನಾಲ್ಕನೆಯದು, ಹೆಣ್ಣುಮಕ್ಕಳು ಮತ್ತು ಒಬ್ಬರೇ ಇರುವವರು ಕೇಳಲೇಬೇಕಾದದ್ದು: ‘ಇನ್ನೊಂದು ಬೀಗದ ಕೈ ಯಾರ ಬಳಿ ಇರುತ್ತದೆ? ಮನೆ ನೋಡಲು ಬರುವ ಮುನ್ನ ತಿಳಿಸುತ್ತೀರಾ?’ ಬೆಂಕಿ, ನೀರು ನುಗ್ಗುವಂಥ ತುರ್ತು ಬಿಟ್ಟರೆ ಮೊದಲೇ ಹೇಳಿ, ಒಪ್ಪಿದ ಹೊತ್ತಿಗೆ ಬರುವುದು ಸಭ್ಯ ಕ್ರಮ. ‘ನಮ್ಮ ಮನೆಗೆ ನಾವು ಬರಲು ಕೇಳಬೇಕೇ?’ ಎಂಬ ಉತ್ತರ ಬಂದರೆ ಬಾಡಿಗೆ ಅರ್ಧವಾದರೂ ಆ ಮನೆ ಬೇಡ. ಮಾಲೀಕರು ಒಪ್ಪಿದರೆ ಒಳಗೆ ಹೋದ ದಿನವೇ ಬೀಗ ಬದಲಿಸಿ. ಹಿಂದಿನ ಬಾಡಿಗೆದಾರರ ಬಳಿಯೂ ಒಂದು ಕೈ ಉಳಿದಿರಬಹುದು. ಯಾರು ಬರುತ್ತಾರೆ, ಯಾವಾಗ ಮಲಗುತ್ತೀರಿ, ಮದುವೆ ಯಾವಾಗ ಎಂಬ ವಿಚಾರಣೆ ಮೊದಲ ದಿನವೇ ಶುರುವಾದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ.

ಈ ಮಾತಿನ ನಡುವೆ ‘ಸಂಜೆ ಇನ್ನೊಬ್ಬರು ಮುಂಗಡ ಕೊಡಲು ಬರುತ್ತಿದ್ದಾರೆ’ ಎಂಬ ಮಾತು ಬಂದೇ ಬರುತ್ತದೆ. ಬರಲಿ ಬಿಡಿ. ‘ನಾಳೆ ಬೆಳಿಗ್ಗೆ ತಿಳಿಸುತ್ತೇನೆ’ ಎಂದಷ್ಟೇ ಹೇಳಿ. ಒಂದು ರಾತ್ರಿ ಯೋಚಿಸಲು ಬಿಡದ ಅವಸರ ಯಾವತ್ತೂ ನಿಮ್ಮ ಒಳ್ಳೆಯದಕ್ಕಲ್ಲ. ದಲ್ಲಾಳಿ ಪಕ್ಕದಲ್ಲಿ ನಿಂತು ಒತ್ತಾಯಿಸುತ್ತಿದ್ದರೆ ಅವರಿಗೆ ಹಣ ಸಿಗುವುದು ವ್ಯವಹಾರ ಮುಗಿದಾಗ ಎಂಬುದನ್ನು ಮರೆಯಬೇಡಿ.

ಹಂತ 5: ಸಂಜೆ ಒಬ್ಬರೇ ಮತ್ತೊಮ್ಮೆ ಹೋಗಿ

ಮಾಲೀಕರಿಲ್ಲದ ಹೊತ್ತಿನಲ್ಲಿ ಮೇಲಿನ, ಕೆಳಗಿನ, ಪಕ್ಕದ ಮನೆಯವರನ್ನು ಮಾತನಾಡಿಸಿ. ‘ಮಾಲೀಕರು ಹೇಗೆ?’ ಎಂದು ನೇರವಾಗಿ ಕೇಳಿದರೆ ಎಲ್ಲರೂ ‘ಒಳ್ಳೆಯವರು’ ಎನ್ನುತ್ತಾರೆ. ‘ನೀರು ದಿನವೂ ಬರುತ್ತದೆಯೇ? ಈ ಮನೆಯಲ್ಲಿ ಜನ ಎಷ್ಟು ಕಾಲ ಇರುತ್ತಾರೆ? ಏನಾದರೂ ಕೆಟ್ಟರೆ ಬೇಗ ಸರಿಮಾಡಿಸುತ್ತಾರಾ?’ ಎಂದು ಕೇಳಿ. ಅದೇ ಕಟ್ಟಡದ ಬಾಡಿಗೆದಾರರು ಆಚೀಚೆ ನೋಡಿ ದನಿ ತಗ್ಗಿಸಿದರೆ ಉತ್ತರ ಸಿಕ್ಕಂತೆಯೇ.

ಹಂತ 6: ಕರಾರು ಪತ್ರ

ಕರಡನ್ನು ಮನೆಗೆ ತಂದು ಓದಿ. ಕೊಡುವುದಿಲ್ಲ, ಇಲ್ಲಿಯೇ ಸಹಿ ಮಾಡಿ ಎಂದರೆ ಸಹಿ ಮಾಡಬೇಡಿ. ‘ನಾವು ಮನೆಯವರ ಹಾಗೆ, ಪತ್ರ ಯಾಕೆ?’ ಎಂಬ ಪ್ರೀತಿಯ ಮಾತಿಗೂ ಕರಗಬೇಡಿ. ನಾಲಿಗೆಯ ಮೇಲಿನ ಒಪ್ಪಂದಕ್ಕೆ ಸಾಕ್ಷಿ ಇರುವುದಿಲ್ಲ.

ಓದುವಾಗ ಎರಡೂ ಕಡೆಯವರನ್ನು ಅದಲುಬದಲು ಮಾಡಿ ನೋಡಿ. ನೀವು ಮನೆ ಬಿಡಲು ಮೂರು ತಿಂಗಳ ಮುನ್ಸೂಚನೆ ಕೊಡಬೇಕು, ಅವರು ಬಿಡಿಸಲು ಒಂದು ತಿಂಗಳು ಸಾಕು ಎಂದಿದ್ದರೆ ಅದು ನ್ಯಾಯವಲ್ಲ. ಅವಧಿಗೆ ಮುನ್ನ ನೀವು ಬಿಟ್ಟರೆ ದಂಡ, ಅವರು ಬಿಡಿಸಿದರೆ ಏನೂ ಇಲ್ಲ ಎಂಬುದೂ ಅಷ್ಟೇ. ‘ಮಾಲೀಕರಿಗೆ ಸೂಕ್ತವೆನಿಸಿದಷ್ಟು’, ‘ಮಾಲೀಕರ ತೀರ್ಮಾನವೇ ಅಂತಿಮ’ ಎಂಬ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಅಲ್ಲಿ ಒಂದು ಮೊತ್ತ, ಒಂದು ದಿನಾಂಕ ಬರಬೇಕು. ಬಾಡಿಗೆ ಯಾವಾಗ, ಎಷ್ಟು ಏರುತ್ತದೆ ಎಂಬುದೂ ಬರೆದಿರಲಿ. ಖಾಲಿ ಬಿಟ್ಟ ಜಾಗವಿರುವ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ. ಅಂಗಡಿಯಲ್ಲಿ ಸಿಗುವ ಅಚ್ಚು ಮಾಡಿದ ಸಿದ್ಧ ಕರಾರುಗಳು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ದುರಸ್ತಿಯ ವಿಷಯ ಎಷ್ಟೋ ಪತ್ರಗಳಲ್ಲಿ ಇರುವುದೇ ಇಲ್ಲ, ಇದ್ದರೂ ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಅದನ್ನೇ ಬಳಸಬೇಕಾದರೆ ನೀವು ಮಾತನಾಡಿದ್ದನ್ನೆಲ್ಲ ಬೇರೊಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಲಗತ್ತಿಸಿ.

ತಿದ್ದುಪಡಿ ಕೇಳಿದಾಗ ಮಾಲೀಕರು ಎಲ್ಲವನ್ನೂ ಒಪ್ಪಬೇಕೆಂದಿಲ್ಲ. ಕಾರಣ ಹೇಳಿ ಬೇಡ ಎಂದರೂ ಸಾಕು, ಅವರೊಂದಿಗೆ ಮಾತು ಸಾಧ್ಯ ಎಂದಾಯಿತು.

ಹಂತ 7: ಹಣ

ಬ್ಯಾಂಕಿನ ಮೂಲಕವೇ, ಕರಾರಿನಲ್ಲಿರುವ ಹೆಸರಿನ ಖಾತೆಗೇ ಕಳುಹಿಸಿ, ರಸೀದಿ ಪಡೆಯಿರಿ. ‘ನಗದಾಗಿ ಕೊಡಿ, ರಸೀದಿ ಬೇಡ’ ಎನ್ನುವುದೂ ಅಪಾಯದ ಸೂಚನೆಯೇ. ಸಾಮಾನು ಇಳಿಸುವ ಮುನ್ನ ಪ್ರತಿ ಕೋಣೆಯ, ಪ್ರತಿ ಬಿರುಕಿನ, ಮೀಟರಿನ ಅಂಕಿಗಳ ಫೋಟೊ ತೆಗೆದು ಅದೇ ದಿನ ಮಾಲೀಕರಿಗೆ ಕಳುಹಿಸಿ.

ಇಷ್ಟೆಲ್ಲ ನೋಡಿದ ಮೇಲೂ, ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದು ಬೇರೆ ಮನೆಯೇ ಸಿಗದೆ ಅನುಮಾನದ ಮಾಲೀಕರಲ್ಲಿಗೇ ಹೋಗಬೇಕಾಗಬಹುದು. ಆಗ ಠೇವಣಿ ಆದಷ್ಟು ಚಿಕ್ಕದಿರಲಿ, ಅದಕ್ಕಾಗಿ ಬಾಡಿಗೆ ತುಸು ಹೆಚ್ಚಾದರೂ ಚಿಂತೆಯಿಲ್ಲ. ಕಡಿಮೆ ಮುನ್ಸೂಚನೆಯಲ್ಲಿ ಬಿಡುವ ಅವಕಾಶ ಕರಾರಿನಲ್ಲಿ ಇರಲಿ. ಪ್ರತಿ ದೂರನ್ನೂ ಫೋನಿನಲ್ಲಿ ಹೇಳಿದ ಮೇಲೆ ಸಂದೇಶದಲ್ಲಿಯೂ ಬರೆದು ಕಳುಹಿಸಿ. ಮೊದಲ ತಿಂಗಳಿನಿಂದಲೇ ಬೇರೆ ಮನೆ ಹುಡುಕುತ್ತಿರಿ.