ಮಲೆನಾಡಲ್ಲೇ ಕೂತು ಸ್ವಂತ ಹಾಡು ಕಟ್ಟುವ ಬಗೆ

ಅಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ದ ತಮಿಳರು. ಅಮ್ಮ ಸಾಗರ ಸೀಮೆಯ ದೀವರ ಮನೆ ಮಗಳು. ನಾನು ಗಿಟಾರ್ ಹಿಡಿದು ಹಾಡು ಕಟ್ಟುವ, ಗಂಡನ್ನೇ ಪ್ರೀತಿಸುವ ಗಂಡು. ಶಿವಮೊಗ್ಗದಲ್ಲಿ ಬಸ್ ಹತ್ತಿದಾಗ ಪಕ್ಕದವರು "ನೀವು ಯಾವ ಜನ?" ಅಂದರೆ, ಉತ್ತರ ಮುಗಿಯುವಷ್ಟರಲ್ಲಿ ಆನಂದಪುರ ದಾಟಿರುತ್ತದೆ. ನನ್ನ ಹಾಗೇ ಎರಡು ಕಡೆಗೆ ಸೇರಿದ, ಕ್ವಿಯರ್ ಆದ, ಹಾಡಿನ ಹುಚ್ಚಿರುವ ಹುಡುಗ ಹುಡುಗಿಯರು "ಎಲ್ಲಿಂದ ಶುರು ಮಾಡ್ಲಿ ಅಣ್ಣ?" ಅಂತ ಕೇಳುತ್ತಿರುತ್ತಾರೆ. ಬೆಂಗಳೂರಿಗೆ ಹೋಗಿ ಅಂತ ನಾನಂತೂ ಹೇಳುವುದಿಲ್ಲ. ಅಲ್ಲಿಗೆ ಹೋಗುವ ತಾಳಗುಪ್ಪದ ರಾತ್ರಿ ರೈಲು ನಾಳೆಯೂ ಇರುತ್ತದೆ.

ಮೊದಲು ಮನೆಯೊಳಗಿನ ಹಾಡುಗಳನ್ನು ಫೋನಿಗೆ ಹಿಡಿಯಿರಿ. ಅಮ್ಮನನ್ನು ಎದುರು ಕೂರಿಸಿ "ಹಾಡಮ್ಮ" ಅಂದರೆ ನಾಚಿಕೊಂಡು ಎದ್ದು ಹೋಗುತ್ತಾಳೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಮುಂದೆ ಕೂತಿರಲಿ, ಫೋನನ್ನು ಬುಟ್ಟಿಯ ಪಕ್ಕ ಇಡಿ, ಹೇಳಿಯೇ ಇಡಿ. ಅರ್ಧ ಗಂಟೆಯಲ್ಲಿ ಫೋನ್ ಮರೆತುಹೋಗುತ್ತದೆ, ಹಸೆ ಹಾಡು ಬರುತ್ತದೆ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರ ಹಿಂದೆ ಒಂದು ಊರಾದರೂ ನಡೆಯಿರಿ. ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುವಾಗ ಉಸಿರು ಎಲ್ಲಿ ತೆಗೆಯುತ್ತಾರೆ ಅನ್ನುವುದನ್ನು ಗಮನಿಸಿ. ಅಪ್ಪನ ಕಡೆ ಅಜ್ಜಿಯಿಂದ ನನಗೆ ಸಿಕ್ಕಿದ್ದು ತಾಲಾಟ್ಟು, ಅಂದರೆ ತಮಿಳು ಜೋಗುಳ. ಅದರ "ಆರಾರೋ ಆರಿರಾರೋ" ಎಂಬ ಎಳೆತವನ್ನು ಈಗ ಕನ್ನಡ ಹಾಡಿನ ಪಲ್ಲವಿಗೆ ಹಾಕಿಕೊಳ್ಳುತ್ತೇನೆ. ಎರಡರಲ್ಲಿ ಯಾವುದು ನನ್ನದು ಅಂತ ಯಾರಾದರೂ ಕೇಳಿದರೆ ಹಾಡಿ ತೋರಿಸುತ್ತೇನೆ, ವಾದ ಮಾಡುವುದಿಲ್ಲ.

ಇನ್ನು ಬರೆಯುವುದು. ಹೊಸಬರಿಗೆ ನಾನು ತ್ರಿಪದಿಯಿಂದ ಶುರು ಮಾಡಿಸುತ್ತೇನೆ. ಒಟ್ಟು 11 ಗಣ, ಅಂದರೆ ತಾಳಕ್ಕೆ ಕೂರುವ ಅಕ್ಷರಗಳ ಸಣ್ಣ ಗುಂಪು, ಅದರಲ್ಲಿ 6ನೆಯದು ಮತ್ತು 10ನೆಯದು ಗಿಡ್ಡ. ನನ್ನದೇ ಒಂದು:

ಅಡಿಕೀಯ ತೋಟಕ್ಕೆ ಮಳೆಮೋಡ ಇಳಿದಾವೊ
ಕೊಡೆಯೊಂದೆ ಉಂಟು ನಮಗೀಗ, ನೀ ನನ್ನ
ಎಡಗಡೆಗೆ ಬಾರೊ ನೆನೆಬೇಡ

"ಉಂಟು", "ಬಾರೊ" ಎರಡೂ ಗಿಡ್ಡ ಗಣಗಳು. ತಾಳ ಅಲ್ಲಿ ಸ್ವಲ್ಪ ಕಾಲು ಕುಂಟಿಸುತ್ತದೆ, ಹಾಡಿಗೆ ಜೀವ ಬರುವುದೂ ಅಲ್ಲೇ. ಬರಹದಲ್ಲಿ ಮೂರೇ ಸಾಲು, ಹಾಡುವಾಗ ನಾಲ್ಕು. "ಕೊಡೆಯೊಂದೆ ಉಂಟು ನಮಗೀಗ" ಎಂದು ಒಮ್ಮೆ ನಿಲ್ಲಿಸಿ, ಮತ್ತೆ ಅದನ್ನೇ ಎತ್ತಿಕೊಂಡು "ನೀ ನನ್ನ" ಸೇರಿಸಬೇಕು. ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸುವುದಿದ್ದರೆ ಆ ಎರಡನೇ ಸಲ ಬದಲಿಸಿ, ಮೊದಲ ಸಲ ಬೇಡ.

ಈ ಪದ್ಯದಲ್ಲಿ ಕರೆಯುತ್ತಿರುವುದು ಗಂಡನ್ನು ಎಂದು ತಿಳಿಯುವುದು "ಬಾರೊ" ಎಂಬಲ್ಲಿ ಮಾತ್ರ. ನಾನು, ನೀನು, ಬಂದೆ, ನಿಂತೆ ಇವಕ್ಕೆ ಗಂಡೂ ಇಲ್ಲ ಹೆಣ್ಣೂ ಇಲ್ಲ. ಗುಟ್ಟು ಹೊರಬೀಳುವುದು ಬಂದ-ಬಂದಳು, ಕಣೋ-ಕಣೇ ಥರದ ಕಡೆ. ಹಾಗಾಗಿ ಪ್ರೇಮಗೀತೆಯನ್ನು ಮೊದಲು ನಾನು-ನೀನುಗಳಲ್ಲೇ ಪೂರ್ತಿ ಬರೆದುಕೊಳ್ಳಿ. ಆಮೇಲೆ ಒಂದೇ ಒಂದು ಜಾಗ ಆರಿಸಿ ಅಲ್ಲಿ ಬಾಗಿಲು ತೆರೆಯಿರಿ. ಗಣಪತಿ ಪೆಂಡಾಲಿನಲ್ಲಿ ನಾನು "ಎಡಗಡೆಗೆ ಸೇರು" ಅಂತಲೂ ಹಾಡಿದ್ದೇನೆ. ಗಣ ಕೆಡುವುದಿಲ್ಲ, ಹಾಡೂ ಕೆಡುವುದಿಲ್ಲ. ಇದನ್ನು ಹೇಡಿತನ ಅನ್ನುವವರು ಇದ್ದಾರೆ. ಅವರು ರಾತ್ರಿ ಹನ್ನೊಂದಕ್ಕೆ ಆ ಊರಿಂದ ಬೈಕಲ್ಲಿ ಒಬ್ಬರೇ ವಾಪಸ್ ಬರಬೇಕಾಗಿಲ್ಲ.

ಶ್ರುತಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಹಾರ್ಮೋನಿಯಂ ಇರುವ ಭಾಗವತರ ಹತ್ತಿರ ಹೋಗಿ ನಿಮ್ಮ ದನಿಗೆ ಹೊಂದುವ ಕೀ ಕಪ್ಪು ಎಷ್ಟು, ಬಿಳಿ ಎಷ್ಟು ಕೇಳಿಕೊಳ್ಳಿ. ಗಿಟಾರಿನಲ್ಲಿ ಸಿ ಕಾರ್ಡಿನ ಹಿಡಿತಕ್ಕೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) 1ನೇ ಮನೆಯಲ್ಲಿದ್ದರೆ ಕಪ್ಪು 1, 3ನೇ ಮನೆಯಲ್ಲಿದ್ದರೆ ಕಪ್ಪು 2. ಜನಪದ ಮಟ್ಟಿಗೆ ಕಾರ್ಡುಗಳನ್ನು ತುರುಕಬೇಡಿ, ಷಡ್ಜ ಪಂಚಮ, ಅಂದರೆ ಸ ಮತ್ತು ಪ, ಎರಡೇ ತಂತಿ ಮೀಟಿದರೂ ಸಾಕು. ಗಿಟಾರ್ ಕೊಳ್ಳುವಾಗ ಅಂಗಡಿಯವರು ಪೂರ್ತಿ ಮರದ ಹಲಗೆಯದ್ದೇ ತೋರಿಸುತ್ತಾರೆ. ನಮ್ಮ ಮಳೆಗಾಲಕ್ಕೆ ಪ್ಲೈವುಡ್ ಹಲಗೆಯದ್ದೇ ವಾಸಿ. ಗಿಟಾರಿಗೆ ಹಿತವಾಗುವುದು ಶೇ. 45ರಿಂದ 55ರ ತೇವ. ಆಷಾಢದಲ್ಲಿ ನಮ್ಮಲ್ಲಿ ಶೇ. 90 ದಾಟುತ್ತದೆ, ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ.

ರೆಕಾರ್ಡಿಂಗಿಗೆ ಮಳೆಗಾಲ ಆಗದು, ತಗಡಿನ ಮಾಡು ಇದ್ದರಂತೂ ಮುಗಿಯಿತು. ಮಳೆ ನಿಂತರೆ ಅಡಿಕೆ ಕೊನೆಯ ಕೊಯ್ಲು, ಸುಲಿಯುವ ಯಂತ್ರದ ಸದ್ದು. ಬೆಳಗಿನ ಜಾವ ಬೀರುವಿನ ಬಾಗಿಲು ತೆರೆದು, ಬಟ್ಟೆಗಳ ಕಡೆ ಮುಖ ಮಾಡಿ, ಬೆನ್ನ ಹಿಂದೆ ಕಂಬಳಿ ತೂಗುಹಾಕಿ ಹಾಡಿ. ಕತ್ತರಿಸಿ ಜೋಡಿಸಲು ಕಂಪ್ಯೂಟರಿನ ಆಡಾಸಿಟಿ ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ.

ಮನೆಯಲ್ಲಿ ಹೇಳುವುದು ಬೇರೆ ಕೆಲಸ, ಹಾಡುವುದು ಬೇರೆ ಕೆಲಸ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ ಎಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು. ಹಾಡನ್ನು ನೆಪ ಮಾಡಿಕೊಂಡು ವೇದಿಕೆ ಮೇಲಿಂದ ಅಪ್ಪನಿಗೆ ಸುದ್ದಿ ಮುಟ್ಟಿಸಿದರೆ, ಮುಂದೆ ಆ ಹಾಡನ್ನು ಯಾರೂ ಹಾಡಾಗಿ ಕೇಳುವುದಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನಮ್ಮ ಪ್ರೀತಿ ಅಪರಾಧ ಅಲ್ಲ ಅಂದಿದೆ. ಬಾಡಿಗೆ ಮನೆ, ಕೆಲಸ, ಊಟ ಇವನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. ಮೊದಲು ಕೈಯಲ್ಲೊಂದು ಸಂಬಳ, ಜೊತೆಗೆ ನಿಲ್ಲುವ ಒಬ್ಬ ಅತ್ತೆಯೋ ಅಕ್ಕನೋ ಇರಲಿ. ತೀರಾ ಕಷ್ಟವಾದ ರಾತ್ರಿ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

"ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲ" ಅನ್ನುವ ಹಿರಿಯರಿಗೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ನೆನಪಿಸಿ. ಅಲ್ಲಿನ ಅಲ್ಲಮ ಮದ್ದಳೆ ನುಡಿಸುತ್ತಿದ್ದವನು. ಗಂಡಸರೂ ತಮ್ಮನ್ನು ಸತಿಯೆಂದು, ಲಿಂಗವನ್ನು ಪತಿಯೆಂದು ಕರೆದುಕೊಂಡ ಶರಣರ ಸಾಲಿನವನು. ಅದಕ್ಕೂ ನಮ್ಮದಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಗಂಡು ಬಾಯಲ್ಲಿ ಗಂಡಿಗಾಗಿ ಹಾಡು ಬಂದದ್ದು ಈ ನೆಲಕ್ಕೆ ಹೊಸತಲ್ಲ. ಟ್ರಾನ್ಸ್‌ಜೆಂಡರ್ ಕಲಾವಿದೆ ಜೋಗತಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಈ ಹೆಸರು ಹೇಳಿದ ಮೇಲೆ ಬಹಳ ಜನ ಕಾಫಿ ಕುಡಿಯುವ ಕಡೆ ಗಮನ ಕೊಡುತ್ತಾರೆ.

ಕಿವಿ ತಯಾರಾಗಲು ಹೆಗ್ಗೋಡಿಗೆ ಹೋಗಿ ನೀನಾಸಮ್ ನಾಟಕ ನೋಡಿ. ಮೈಕಿಲ್ಲದೆ ಕೊನೇ ಸಾಲಿಗೆ ಮಾತು ಮುಟ್ಟಿಸುವುದನ್ನು ಗಾಯಕರೂ ಕಲಿಯಬೇಕು. ಭದ್ರಾವತಿ ಆಕಾಶವಾಣಿಯ ಸುಗಮ ಸಂಗೀತ ಆಡಿಷನ್ನಿಗೆ ಅರ್ಜಿ ಹಾಕಿ, ಬಿ ಗ್ರೇಡ್ ಸಿಕ್ಕರೂ ಊರಲ್ಲಿ ಅದರ ತೂಕವೇ ಬೇರೆ. ಕೆಲಸ ಬಿಡಬೇಡಿ. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಮೊದಲ ಕನ್ನಡಿಗ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು.

ಹಕ್ಕು, ದುಡ್ಡು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಹಕ್ಕು ಕಾನೂನಿನಲ್ಲೇ ಇದೆ, ಆ ರಾಯಧನ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಸದಸ್ಯರಾಗಿ. ಅಮ್ಮನ ಮಟ್ಟು ಬಳಸಿದರೆ ಅಮ್ಮನ ಹೆಸರು ಹಾಕಿ, "ಸಾಂಪ್ರದಾಯಿಕ" ಅಂತ ಬರೆದು ತಪ್ಪಿಸಿಕೊಳ್ಳಬೇಡಿ. ಆರ್ಕೆಸ್ಟ್ರಾದವರು ಕರೆದರೆ ಅರ್ಧ ಮುಂಗಡ ತಗೊಳ್ಳಿ, ಉಳಿದದ್ದನ್ನು ಕೊನೇ ಹಾಡಿಗೆ ಮುಂಚೆ ಕೇಳಿ. ಗಣಪತಿ ವಿಸರ್ಜನೆಗೆ ಹೊರಟ ಮೇಲೆ ಸಮಿತಿಯವರು ಫೋನ್ ಎತ್ತುವುದಿಲ್ಲ.